ಎಪಿಎಂಸಿ ಸೆಸ್ ಇಳಿಸಿದರೆ ರೈತನಿಗೆ ಎಷ್ಟು ಸಿಗುತ್ತದೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಎಪಿಎಂಸಿಗಳು, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು, ವಸೂಲಿ ಮಾಡುವ ಮಾರುಕಟ್ಟೆ ಶುಲ್ಕವನ್ನು (ಇದನ್ನೇ ಸೆಸ್ ಅನ್ನುವುದು) ರಾಜ್ಯ ಸರ್ಕಾರ ಇಳಿಸಬಹುದಾ? ಇಳಿಸಿದರೆ ಆ ದುಡ್ಡು ರೈತನ ಕೈಗೆ ಬರುತ್ತದಾ? ಮೊದಲನೆಯದಕ್ಕೆ ಉತ್ತರ ಸುಲಭ. ಇಳಿಸಬಹುದು, ಇಳಿಸಿಯೂ ಆಗಿದೆ. ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ನಾನು ಕಲಬುರಗಿ ಕಡೆಯವನು. ನಾಲ್ಕು ವರ್ಷ ಒಂದು ಅಡತ್ ಅಂಗಡಿಯಲ್ಲಿ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ಲೆಕ್ಕ ಬರೆದಿದ್ದೇನೆ. ಮನೆಯಲ್ಲಿ ಅಪ್ಪ ತೊಗರಿ ಬೆಳೆಯುತ್ತಾರೆ. ಹಾಗಾಗಿ ಪಟ್ಟಿ, ಅಂದರೆ ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ, ಬರೆಯುವ ಕಡೆಯೂ ಕೂತಿದ್ದೇನೆ, ಪಟ್ಟಿ ಇಸಿದುಕೊಳ್ಳುವ ಕಡೆಯೂ ನಿಂತಿದ್ದೇನೆ. (ನಮ್ಮ ಕಡೆ ಎಪಿಎಂಸಿ ಅನ್ನೋದು ಕಡಿಮೆ, ಗಂಜ್ ಅಂತಲೇ ಹೇಳುವುದು.)

2020ರಲ್ಲಿ ನಮ್ಮ ಅಂಗಡಿಯ ಬಿಲ್ ಪುಸ್ತಕದಲ್ಲಿ ಸೆಸ್ 1.5 ಅಂತ ಅಚ್ಚಾಗಿತ್ತು. ಅಂದರೆ ನೂರು ರೂಪಾಯಿ ಮಾಲಿಗೆ ಒಂದೂವರೆ ರೂಪಾಯಿ. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಮಾರುಕಟ್ಟೆ ಪ್ರಾಂಗಣದ ಹೊರಗೆ ನಡೆಯುವ ವ್ಯಾಪಾರಕ್ಕೆ ರಾಜ್ಯಗಳು ಶುಲ್ಕ ಹಾಕುವಂತಿಲ್ಲ ಅಂದಿತು. ಗೇಟಿನ ಒಳಗೆ ಒಂದೂವರೆ, ಹೊರಗೆ ಸೊನ್ನೆ. ಒಳಗೆ ಕೂತ ವರ್ತಕರು ಸುಮ್ಮನಿರುತ್ತಾರಾ? ರಾಜ್ಯ ಸರ್ಕಾರ ಮೊದಲು 1ಕ್ಕೆ ಇಳಿಸಿತು, ಆಮೇಲೆ 35 ಪೈಸೆಗೆ. ವರ್ಷದ ಕೊನೆಗೆ ಮತ್ತೆ 1ಕ್ಕೆ ಏರಿಸಿತು. ವರ್ತಕರು ಗಲಾಟೆ ಮಾಡಿದ ಮೇಲೆ 60 ಪೈಸೆಗೆ ಬಂದು ನಿಂತಿತು. ನಾನು ಪೆನ್ನಿನಲ್ಲಿ 1.5 ಹೊಡೆದು 1 ಬರೆದೆ, ಅದನ್ನು ಹೊಡೆದು 0.35 ಬರೆದೆ. ಕೊನೆಗೆ ಮಾಲೀಕರು ‘ಆ ಜಾಗ ಖಾಲಿ ಬಿಡಪ್ಪ, ಹೊಸ ಪುಸ್ತಕ ಮಾಡಿಸೋಣ’ ಅಂದರು. ಆ ಕೇಂದ್ರದ ಕಾನೂನಿಗೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅದೇ ವರ್ಷದ ಕೊನೆಗೆ ಕೇಂದ್ರವೇ ಅದನ್ನು ವಾಪಸ್ ತೆಗೆದುಕೊಂಡಿತು. ಸೆಸ್ ಮಾತ್ರ ಹಳೆಯ ಒಂದೂವರೆಗೆ ಹಿಂತಿರುಗಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ತೊಗರಿ ಕ್ವಿಂಟಲಿಗೆ 7,000 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದೂವರೆ ಇದ್ದಾಗ ಸೆಸ್ 105 ರೂಪಾಯಿ. 60 ಪೈಸೆ ಆದಾಗ 42. ಉಳಿದದ್ದು 63 ರೂಪಾಯಿ. ಆದರೆ ಕಾಯ್ದೆ ಪ್ರಕಾರ ಇದನ್ನು ಕಟ್ಟುವವನು ರೈತನಲ್ಲ, ಖರೀದಿದಾರ. ಆದ್ದರಿಂದ ಇಳಿದ 63 ರೂಪಾಯಿಯೂ ಮೊದಲು ಅವನ ಜೇಬಿನಲ್ಲೇ ಉಳಿಯುತ್ತದೆ.

ಅಲ್ಲಿಂದ ರೈತನ ಕಡೆ ಹರಿಯುತ್ತದಾ? ಖರೀದಿದಾರ ಟೆಂಡರ್ (ಮಾಲನ್ನು ಎಷ್ಟಕ್ಕೆ ಕೊಳ್ಳುತ್ತೇನೆ ಅನ್ನುವ ರೇಟು) ಬರೆಯುವಾಗ ಹಿಂದಿನಿಂದ ಲೆಕ್ಕ ಹಾಕುತ್ತಾನೆ. ದಾಲ್ ಮಿಲ್‌ನವರು ಎಷ್ಟಕ್ಕೆ ಕೊಳ್ಳುತ್ತಾರೆ, ಅದರಲ್ಲಿ ಸೆಸ್, ಕಮಿಷನ್, ಹಮಾಲಿ, ಚೀಲ, ಲಾರಿ ಬಾಡಿಗೆ, ತನ್ನ ಲಾಭ ಎಲ್ಲ ಕಳೆದು ಉಳಿದದ್ದೇ ನಿಮ್ಮ ರೇಟು. ಒಂದೇ ಲಾಟ್‌ಗೆ ಹದಿನೈದು ಜನ ಟೆಂಡರ್ ಹಾಕಿದರೆ, ಯಾರೋ ಒಬ್ಬ ಆ 63ರಲ್ಲಿ ನಲವತ್ತು ಬಿಟ್ಟುಕೊಟ್ಟು ಮಾಲು ಎತ್ತುತ್ತಾನೆ. ಮೂರೇ ಜನ ಇದ್ದು, ಮೂವರೂ ಬೆಳಿಗ್ಗೆ ಒಟ್ಟಿಗೆ ಚಹಾ ಕುಡಿಯುವವರಾಗಿದ್ದರೆ, ಯಾರೂ ಬಿಡುವುದಿಲ್ಲ.

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ಸೆಸ್ ಇಳಿದ ಆ ಹಂಗಾಮಿನಲ್ಲಿ ಅಪ್ಪ ಬೇರೆ ಊರಿನ ಒಂದು ಅಂಗಡಿಗೆ ತೊಗರಿ ಹಾಕಿದ್ದರು. ಪಟ್ಟಿ ತಂದು ನನ್ನ ಕೈಗೆ ಕೊಟ್ಟರು. ನೋಡಿದರೆ ಕ್ವಿಂಟಲಿಗೆ ಒಂದು ಕಿಲೋ ‘ಸೂಟು’ ಕಳೆದಿದ್ದಾರೆ. ಕಸ ಇದೆ, ತೇವ ಇದೆ ಅಂತ ನೆಪ. ಒಂದು ಕಿಲೋ ತೊಗರಿ ಅಂದರೆ 70 ರೂಪಾಯಿ! ಸರ್ಕಾರ ಇಷ್ಟೆಲ್ಲ ಮಾಡಿ ಇಳಿಸಿದ್ದು 63. ಕಾಟಾದ ಮುಂದೆ ನಿಂತವನು ಒಂದೇ ಮಾತಿನಲ್ಲಿ ಅದಕ್ಕಿಂತ ಜಾಸ್ತಿ ತೆಗೆದುಕೊಂಡ. ಅಪ್ಪನಿಗೆ ಸೆಸ್ ಇಳಿದ ಸುದ್ದಿ ಗೊತ್ತೇ ಇರಲಿಲ್ಲ, ಸೂಟಿನ ವಿಷಯ ಮಾತ್ರ ಇವತ್ತಿಗೂ ಮರೆತಿಲ್ಲ.

ಹಾಗಾದರೆ ಸೆಸ್ ಪೂರ್ತಿ ತೆಗೆದುಬಿಡಿ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಗಂಜ್‌ನ ರಸ್ತೆ, ರಾತ್ರಿಯ ಲೈಟು, ಕಾವಲು, ಕುಡಿಯುವ ನೀರು, ಟೆಂಡರ್ ಕಂಪ್ಯೂಟರು ನಡೆಯುವುದು ಇದೇ ದುಡ್ಡಿನಲ್ಲಿ. ನಾನಿದ್ದ ಗಂಜ್‌ನಲ್ಲಿ ಸೆಸ್ ಇಳಿದ ಮೇಲೆ ಮೊದಲು ಕಡಿಮೆಯಾಗಿದ್ದು ಕಾವಲಿನವರು. ರಾತ್ರಿ ಮಾಲು ಇಳಿಸಿದ ರೈತ ಚೀಲದ ಮೇಲೇ ಮಲಗಬೇಕಾಯಿತು. ಸೆಸ್ ತೆಗೆದುಕೊಂಡು ಈ ಕೆಲಸ ಮಾಡದಿದ್ದರೆ ಬೈಯಿರಿ, ಅದು ಬೇರೆ.

ಕೋರ್ಟುಗಳೂ ಶುಲ್ಕವನ್ನು ನೋಡುವುದು ಹೀಗೆಯೇ. ಶುಲ್ಕ ಬೇರೆ, ತೆರಿಗೆ ಬೇರೆ ಅಂತ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 1954ರಲ್ಲಿ, ಅದೂ ನಮ್ಮ ಉಡುಪಿಯ ಶೀರೂರು ಮಠದ ಕೇಸಿನಲ್ಲಿ. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಶುಲ್ಕ ಅಂದರೆ ಕೊಟ್ಟವರಿಗೆ ಅದಕ್ಕೆ ಬದಲಾಗಿ ಏನಾದರೂ ಸೇವೆ ಸಿಗಬೇಕು. 1979ರಲ್ಲಿ ಪಂಜಾಬಿನ ಮಾರುಕಟ್ಟೆ ಶುಲ್ಕದ ಕೇಸು ಬಂತು. ಅಲ್ಲಿ ಶುಲ್ಕವನ್ನು ನೂರಕ್ಕೆ 3 ರೂಪಾಯಿಗೆ ಏರಿಸಿದ್ದರು, ಅಲ್ಲಿನ ಮಾರುಕಟ್ಟೆ ಮಂಡಳಿಯ ದುಡ್ಡು ಫರೀದ್‌ಕೋಟ್‌ನ ಮೆಡಿಕಲ್ ಕಾಲೇಜಿಗೂ ಹೋಗಿತ್ತು. ಕಾಲೇಜು ಒಳ್ಳೆಯದೇ, ಆದರೆ ಗೋಧಿ ಕೊಂಡವನಿಗೆ ಮಾರುಕಟ್ಟೆಯಲ್ಲಿ ಅದರಿಂದ ಏನು ಸಿಕ್ಕಿತು? ಕೋರ್ಟ್ 3ನ್ನು ತಳ್ಳಿಹಾಕಿ 2ಕ್ಕೆ ಒಪ್ಪಿತು. ಪೈಸೆ ಪೈಸೆಗೂ ತಾಳೆಯಾಗಬೇಕಿಲ್ಲ ಅಂತ ಆಮೇಲಿನ ತೀರ್ಪುಗಳು ಸ್ವಲ್ಪ ಸಡಿಲ ಮಾಡಿದವು.

ನೀವು ನಿಜವಾಗಿ ರೈತನ ಕೈಗೆ ಎಷ್ಟು ಬರುತ್ತದೆ ಅಂತ ನೋಡಬೇಕಾದರೆ ಸೆಸ್ ರೇಟು ಬಿಟ್ಟು ಪಟ್ಟಿ ನೋಡಿ. ಕಮಿಷನ್ ರೈತನ ಲೆಕ್ಕದಲ್ಲಿ ಕಳೆದಿದ್ದರೆ ಅದು ತಪ್ಪು, ಅದನ್ನೂ ಖರೀದಿದಾರನೇ ಕೊಡಬೇಕು. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟರೆ ಇಸಿದುಕೊಳ್ಳಬೇಡಿ, ಲಾಟ್ ನಂಬರ್ ಇರುವ ಅಚ್ಚಾದ ಪಟ್ಟಿಯನ್ನೇ ಕೇಳಿ. ತೂಕ ಮಾಡುವಾಗ ಪಕ್ಕದಲ್ಲೇ ನಿಲ್ಲಿ. ಸೂಟು ಕಳೆದರೆ ಆ ಪಟ್ಟಿ ಹಿಡಿದುಕೊಂಡು ಅವತ್ತೇ ಎಪಿಎಂಸಿ ಕಾರ್ಯದರ್ಶಿ ಹತ್ತಿರ ಹೋಗಿ. ಮಾಲು ಲಾರಿ ಹತ್ತಿದ ಮೇಲೆ ಯಾರೂ ಕೇಳುವುದಿಲ್ಲ.