ದೊಡ್ಡ ಮೆಡಿಕಲ್ ಟೆಕ್ನಾಲಜಿ ಕಂಪನಿಯಲ್ಲಿ ಕೆಲಸ ಹೇಗಿರುತ್ತದೆ? ಸರ್ವೀಸ್ ಕಂಪನಿ ಬಿಟ್ಟು ಹೋಗಬಹುದಾ?

ಐಟಿ ಸರ್ವೀಸ್ ಕಂಪನಿಯಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೀರಿ. ಬೆಂಗಳೂರಿನ ಒಂದು ದೊಡ್ಡ ವೈದ್ಯಕೀಯ ಉಪಕರಣ ಕಂಪನಿಯಿಂದ ಆಫರ್ ಬಂದಿದೆ. "ಅಲ್ಲಿ ಕೆಲಸ ಬಹಳ ನಿಧಾನ, ಬರೀ ಡಾಕ್ಯುಮೆಂಟ್, ಹೋಗಬೇಡ" ಅಂತ ಸ್ನೇಹಿತರು ಹೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಓದಿದ್ದು ಮೆಡಿಕಲ್ ಎಲೆಕ್ಟ್ರಾನಿಕ್ಸ್. ಈಗ ಐಸಿಯುನಲ್ಲಿ ಬಳಸುವ ಯಂತ್ರಗಳ ಸಾಫ್ಟ್‌ವೇರ್ ತಂಡದಲ್ಲಿದ್ದೇನೆ. ಕಂಪನಿಯ ಹೆಸರು ಬೇಡ. ಉಳಿದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಿಮ್ಮ ಸ್ನೇಹಿತರು ಹೇಳಿದ್ದು ನಿಜ. ಕೆಲಸ ನಿಧಾನವೇ. ಆದರೆ ಆ ನಿಧಾನದಲ್ಲಿ ಎರಡು ಬಗೆ ಇದೆ. ಒಂದು, ರೋಗಿಯ ಸಲುವಾಗಿ ಆಗುವ ನಿಧಾನ. ಇನ್ನೊಂದು, ಕಂಪನಿ ದೊಡ್ಡದಾಗಿದೆ ಅನ್ನುವ ಕಾರಣಕ್ಕೆ ಆಗುವ ನಿಧಾನ. ಮೊದಲನೆಯದು ನಿಮಗೆ ಒಗ್ಗಿದರೆ ಈ ಕೆಲಸ ಬಿಡೋಕೆ ಮನಸ್ಸೇ ಬರುವುದಿಲ್ಲ. ಎರಡನೆಯದರ ಜೊತೆ ಜಗಳ ಆಡುತ್ತಲೇ ಇರಬೇಕಾಗುತ್ತದೆ.

ಮೊದಲನೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮನ್ನು ಆಗಾಗ ಆಸ್ಪತ್ರೆಗೆ ಕಳಿಸುತ್ತಾರೆ. ಯಂತ್ರವನ್ನು ಜನ ನಿಜವಾಗಿ ಹೇಗೆ ಬಳಸುತ್ತಾರೆ ಅಂತ ಮೂಲೆಯಲ್ಲಿ ನಿಂತು ನೋಡುವ ಕೆಲಸ. ವೆಂಟಿಲೇಟರ್ ಮೇಲಿರುವ ರೋಗಿಯ ಟ್ಯೂಬಿನಲ್ಲಿ ಕಫ ಸೇರಿಕೊಂಡರೆ ಸಿಸ್ಟರ್ ಸಕ್ಷನ್ ಮಾಡಬೇಕು, ಅಂದರೆ ಅದನ್ನು ಹೀರಿ ತೆಗೆಯಬೇಕು. ಅದಕ್ಕೆ ಟ್ಯೂಬನ್ನು ಬಿಚ್ಚಿದ ತಕ್ಷಣ ವೆಂಟಿಲೇಟರ್ ಜೋರಾಗಿ ಕೂಗಲು ಶುರು ಮಾಡುತ್ತದೆ. ಹಾಗಾಗಿ ಮೊದಲೇ ಅಲಾರಂ ಸೈಲೆನ್ಸ್ ಒತ್ತಿಬಿಡುತ್ತಾರೆ. ಎಷ್ಟೋ ಯಂತ್ರಗಳಲ್ಲಿ ಅದು 2 ನಿಮಿಷ ಸುಮ್ಮನಿರುತ್ತದೆ, ಆಮೇಲೆ ತಾನಾಗಿ ಎಚ್ಚರವಾಗುತ್ತದೆ. ನಾನು ನೋಡುತ್ತಿದ್ದ ಸಿಸ್ಟರ್ ಬಲಗೈಗೆ ಸ್ಟೆರೈಲ್ ಗ್ಲೌಸ್ ಹಾಕಿಕೊಂಡಿದ್ದರು. ಆ ಕೈ ಯಾವುದನ್ನೂ ಮುಟ್ಟುವ ಹಾಗಿಲ್ಲ. ಎಡಗೈಯಲ್ಲಿ ಟ್ಯೂಬ್ ಹಿಡಿದಿದ್ದರು. ಸ್ಕ್ರೀನಿನ ದೂರದ ಮೂಲೆಯಲ್ಲಿದ್ದ ಸಣ್ಣ ಬಟನ್ನನ್ನು ಎಡಗೈಯ ಬೆರಳ ಗಿಣ್ಣಿನಿಂದ ಒತ್ತಲು ನೋಡಿದರು. ಒಂದು ಸಲ ತಪ್ಪಿತು, ಎರಡನೇ ಸಲ ಸಿಕ್ಕಿತು. ಕೆಲಸ ಮುಗಿದ ಮೇಲೆ ನನಗೆ ಹೇಳಿದರು: "ಮೇಡಂ, ಬಟನ್ ಇಡೋವಾಗ ನಮ್ಮ ಕೈ ಎಲ್ಲಿರುತ್ತೆ ಅಂತ ನೋಡಿ ಇಡಿ."

ವಾಪಸ್ ಬಂದು ಆ ಬಟನ್ ದೊಡ್ಡದು ಮಾಡಬೇಕು, ಕೈಗೆ ಹತ್ತಿರ ತರಬೇಕು ಅಂತ ಬದಲಾವಣೆ ಕೋರಿಕೆ ಹಾಕಿದೆವು. ಬೇರೆ ಕಡೆ ಆಗಿದ್ದರೆ ಇದು ಒಂದು ಮಧ್ಯಾಹ್ನದ ಕೋಡಿಂಗ್. ಇಲ್ಲಿ ಮೊದಲ ಪ್ರಶ್ನೆಯೇ ಬೇರೆ: ದೊಡ್ಡದು ಮಾಡಿದರೆ ಹೊಸದಾಗಿ ಏನು ತೊಂದರೆ ಆಗಬಹುದು? ಸ್ಕ್ರೀನ್ ಒರೆಸುವಾಗ ಯಾರಿಗೂ ಗೊತ್ತಿಲ್ಲದೆ ಒತ್ತಿಹೋದರೆ? ಆಗ ಉಸಿರಾಟ ನಿಂತರೂ 2 ನಿಮಿಷ ಸದ್ದೇ ಬರದೆ ಹೋಗಬಹುದು. ಬಟನ್ ಹಿಗ್ಗಿದ್ದಕ್ಕೆ ಪಕ್ಕದ ಅಂಕಿ ಚಿಕ್ಕದಾದರೆ, ದೂರದಿಂದ ಓದುವ ಡಾಕ್ಟರಿಗೆ ಕಾಣುತ್ತದಾ? ಇದನ್ನೆಲ್ಲ ರಿಸ್ಕ್ ಫೈಲಿನಲ್ಲಿ ಬರೆಯಬೇಕು. ಇದಕ್ಕೆ ಐಎಸ್‌ಒ 14971 ಅನ್ನುವ ಮಾನದಂಡ ಇದೆ. ಆಮೇಲೆ ರಿಕ್ವೈರ್‌ಮೆಂಟ್ (ಯಂತ್ರ ಏನು ಮಾಡಬೇಕು ಅನ್ನುವ ಬರಹ) ತಿದ್ದಬೇಕು, ಡಿಸೈನ್ ತಿದ್ದಬೇಕು, ಟೆಸ್ಟ್ ಬರೆಯಬೇಕು. ಯಾವ ರಿಕ್ವೈರ್‌ಮೆಂಟಿಗೆ ಯಾವ ಟೆಸ್ಟ್ ಅಂತ ಒಂದೊಂದನ್ನೂ ಜೋಡಿಸಿ ತೋರಿಸಬೇಕು. ನಿಜವಾದ ನರ್ಸ್‌ಗಳನ್ನು ಕರೆಸಿ ಬಳಸಿ ನೋಡಲು ಹೇಳಬೇಕು. ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಹೊಸ ಅರ್ಜಿ ಹಾಕಬೇಕಾ, ಇಲ್ಲಾ ನಮ್ಮ ಕಡತದಲ್ಲಿ ಕಾರಣ ಬರೆದಿಟ್ಟರೆ ಸಾಕಾ ಅಂತ ರೆಗ್ಯುಲೇಟರಿ ತಂಡ ತೀರ್ಮಾನ ಮಾಡಬೇಕು. ಹೀಗೆ ತಿಂಗಳುಗಟ್ಟಲೆ ಹೋಗುತ್ತದೆ. ನಮ್ಮ ಬದಲಾವಣೆಯಲ್ಲಿ ಬಟನ್ ಜಾಗ ಬದಲಾಯಿತು, ಆದರೆ ಅಂದುಕೊಂಡಷ್ಟು ದೊಡ್ಡದಾಗಲಿಲ್ಲ. ಒರೆಸುವಾಗ ಒತ್ತಿಹೋಗುತ್ತದೆ ಅನ್ನುವ ಭಯ ಬಳಕೆಯ ಪರೀಕ್ಷೆಯಲ್ಲಿ ನಿಜವಾಯಿತು. ಅವಸರದಲ್ಲಿ ಬಿಟ್ಟಿದ್ದರೆ ಅದು ಯಾವುದೋ ಐಸಿಯುನಲ್ಲಿ ಗೊತ್ತಾಗುತ್ತಿತ್ತು.

ಈ ನಿಯಮಗಳು ಸುಮ್ನೆ ಬಂದವಲ್ಲ. ಕೆಲಸಕ್ಕೆ ಸೇರಿದಾಗ ತರಬೇತಿಯಲ್ಲಿ ಥೆರಾಕ್-25 ಕಥೆ ಕೇಳುತ್ತೀರಿ. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ ಅದು, ಕೆನಡಾದಲ್ಲಿ ತಯಾರಾದದ್ದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿತ್ತು. ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಹಳೆಯ ಮಾದರಿಗಳಲ್ಲಿ ತಪ್ಪಾದರೆ ತಡೆಯುವ ವ್ಯವಸ್ಥೆ ಹಾರ್ಡ್‌ವೇರಿನಲ್ಲೇ ಇತ್ತು. ಈ ಮಾದರಿಯಲ್ಲಿ ಅದನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದ್ದರು. ಆಪರೇಟರ್ ಟೈಪ್ ಮಾಡಿದ್ದನ್ನು ಬೇಗ ಬೇಗ ತಿದ್ದಿದರೆ, ಸುಮಾರು 8 ಸೆಕೆಂಡಿನೊಳಗೆ, ಸ್ಕ್ರೀನ್ ಒಂದು ಹೇಳುತ್ತಿತ್ತು, ಯಂತ್ರ ಇನ್ನೊಂದು ಸ್ಥಿತಿಯಲ್ಲಿರುತ್ತಿತ್ತು. ಪರದೆ ಮೇಲೆ "ಮಾಲ್‌ಫಂಕ್ಷನ್ 54" ಅಂತಷ್ಟೇ ಬರುತ್ತಿತ್ತು. ಹಾಗಂದರೆ ಏನು ಅಂತ ಆಪರೇಟರಿಗೆ ತಿಳಿಯುವ ದಾರಿ ಇರಲಿಲ್ಲ. ಮುಂದುವರಿಸುವ ಕೀ ಒತ್ತುತ್ತಿದ್ದರು. ಮೊದಮೊದಲು ದೂರು ಬಂದಾಗ ಯಂತ್ರದಿಂದ ಹೀಗೆ ಆಗಲು ಸಾಧ್ಯವೇ ಇಲ್ಲ ಅಂದಿತು ತಯಾರಕ ಕಂಪನಿ. ಟೆಸ್ಟರ್ ಆಗಿರುವ ನಿಮಗೆ ಇದು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಅಲ್ವಾ? "ನಮ್ಮ ಕಡೆ ಆ ಬಗ್ ಬರುತ್ತಿಲ್ಲ" ಅಂತ ಮುಚ್ಚಿದ ಟಿಕೆಟ್‌ಗಳನ್ನು ನೆನಪಿಸಿಕೊಳ್ಳಿ.

ಈಗ ವೈದ್ಯಕೀಯ ಸಾಫ್ಟ್‌ವೇರಿಗೇ ಅಂತ ಐಇಸಿ 62304 ಅನ್ನುವ ಮಾನದಂಡ ಇದೆ, 2006ರಲ್ಲಿ ಬಂದದ್ದು. ಕೆಟ್ಟರೆ ಯಾರಿಗೂ ಪೆಟ್ಟಾಗದ ಸಾಫ್ಟ್‌ವೇರ್ ಎ ವರ್ಗ. ಸಣ್ಣ ಗಾಯವಾದರೆ ಬಿ. ಸಾವು ಅಥವಾ ಗಂಭೀರ ಗಾಯ ಆಗಬಹುದಾದರೆ ಸಿ. ನೀವು ಸೇರುವ ತಂಡ ಯಾವ ವರ್ಗದ್ದು ಅನ್ನುವುದರ ಮೇಲೆ ನಿಮ್ಮ ದಿನ ಹೇಗಿರುತ್ತದೆ ಅನ್ನುವುದು ನಿಂತಿದೆ. ಎ ವರ್ಗದಲ್ಲಿ ಸ್ವಲ್ಪ ಉಸಿರಾಡಬಹುದು. ಸಿ ವರ್ಗದಲ್ಲಿ ಕೋಡಿನ ಸಣ್ಣ ಸಣ್ಣ ಘಟಕಕ್ಕೂ ವಿವರವಾದ ಡಿಸೈನ್, ರಿವ್ಯೂ, ಪರೀಕ್ಷೆ ಬೇಕು.

ಡಾಕ್ಯುಮೆಂಟ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಒಂದು ಮಾತಿದೆ: ಬರೆದಿಲ್ಲ ಅಂದರೆ ಮಾಡಿಲ್ಲ. ಟೆಸ್ಟ್ ಮಾಡಿದ್ದೇನೆ ಅಂತ ಬಾಯಿಮಾತಲ್ಲಿ ಹೇಳಿದರೆ ನಡೆಯುವುದಿಲ್ಲ. ಯಾವ ವರ್ಷನ್, ಯಾವ ಯಂತ್ರ, ಅಳತೆಗೆ ಬಳಸಿದ ಉಪಕರಣದ ಕ್ಯಾಲಿಬ್ರೇಷನ್ ಅವಧಿ ಮುಗಿದಿಲ್ಲ ತಾನೇ, ಎಲ್ಲ ಇರಬೇಕು. ಕಾಗದದ ಮೇಲೆ ತಪ್ಪಾದರೆ ವೈಟ್ನರ್ ಹಚ್ಚುವ ಹಾಗಿಲ್ಲ, ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು. ಹಳೆಯದು ಓದಲು ಸಿಗಬೇಕು. ಆಡಿಟ್ ಬಂದಾಗ ಒಂದು ರೂಮಿನಲ್ಲಿ ಆಡಿಟರ್ ಕೂತು ಪ್ರಶ್ನೆ ಕೇಳುತ್ತಿರುತ್ತಾರೆ. ಇನ್ನೊಂದು ರೂಮಿನಲ್ಲಿ ನಾವು ಹತ್ತು ಜನ ಆ ಕಡತ ಹುಡುಕಿ ಕಳಿಸುತ್ತಿರುತ್ತೇವೆ. ಆ ವಾರ ಮನೆಗೆ ಹೋಗುವ ಹೊತ್ತು ಹೇಳಲು ಆಗುವುದಿಲ್ಲ. ಆದರೂ ಮೂರು ವರ್ಷದ ಹಿಂದೆ ಯಾರೋ ಬರೆದಿಟ್ಟ ಟೆಸ್ಟ್ ವರದಿ ಓದಿ, ಅವರು ಯಾಕೆ ಹಾಗೆ ಮಾಡಿದರು ಅಂತ ಪೂರ್ತಿ ಅರ್ಥವಾಗುವ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ಎರಡನೇ ಬಗೆಯ ನಿಧಾನ. ಇದರಲ್ಲಿ ರೋಗಿಗೆ ಏನೂ ಲಾಭವಿಲ್ಲ. ಒಂದು ಟೂಲ್ ಬೇಕಾದರೆ ಆರು ಜನರ ಒಪ್ಪಿಗೆ. ಯಾರೂ ಓದದ ಟೆಂಪ್ಲೇಟುಗಳು. "ಇದು ಕ್ವಾಲಿಟಿ ಪ್ರೊಸೆಸ್" ಅಂತ ಹೇಳಿದರೆ ಸಾಕು, ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಎಷ್ಟೋ ಸಲ ಮಾನದಂಡವನ್ನು ತೆಗೆದು ಓದಿದರೆ ಅದರಲ್ಲಿ ಹಾಗೆ ಬರೆದೇ ಇರುವುದಿಲ್ಲ. ಅದಕ್ಕೇ ಮಾನದಂಡಗಳನ್ನು ನೀವೇ ಓದಿ. ಓದಿದವರ ಮಾತಿಗೆ ಇಲ್ಲಿ ಬೆಲೆ ಇದೆ.

ಇನ್ನೊಂದು ನೋವಿನ ವಿಷಯ, ತೀರ್ಮಾನಗಳು ಎಲ್ಲಿ ಆಗುತ್ತವೆ ಅನ್ನುವುದು. ಬೆಂಗಳೂರಿನಲ್ಲಿ ಈ ಕೆಲಸ ಹೊಸದಲ್ಲ. ವೈದ್ಯಕೀಯ ಉಪಕರಣಗಳ ಕಂಪನಿ ವಿಪ್ರೋ ಜಿಇ 1990ರಲ್ಲಿ ಶುರುವಾಯಿತು. ಫಿಲಿಪ್ಸ್ 1996ರಲ್ಲಿ ಇಲ್ಲಿ ಸಾಫ್ಟ್‌ವೇರ್ ಕೇಂದ್ರ ತೆರೆಯಿತು. ಜಿಇಯ ವೈಟ್‌ಫೀಲ್ಡ್ ಸಂಶೋಧನಾ ಕೇಂದ್ರ 2000ದಲ್ಲಿ ಬಂತು. ಇಷ್ಟು ವರ್ಷವಾದರೂ ಎಷ್ಟೋ ತಂಡಗಳಿಗೆ ಸಿಗುವುದು ಹಳೆಯ ಯಂತ್ರವನ್ನು ನಡೆಸಿಕೊಂಡು ಹೋಗುವ ಕೆಲಸ. ಆಸ್ಪತ್ರೆಯಲ್ಲಿ ಒಂದು ಯಂತ್ರ ಹತ್ತು ವರ್ಷಕ್ಕಿಂತ ಜಾಸ್ತಿ ಓಡುತ್ತದೆ. ಅಷ್ಟರಲ್ಲಿ ಒಳಗಿನ ಚಿಪ್ ತಯಾರಿಸುವವರೇ ಅದನ್ನು ನಿಲ್ಲಿಸಿಬಿಡುತ್ತಾರೆ. ಬದಲಿ ಚಿಪ್ ಹುಡುಕಿ, ಬೋರ್ಡ್ ತಿದ್ದಿ, ಹಳೆಯ ಸಿ++ ಕೋಡನ್ನು ಅದಕ್ಕೆ ಹೊಂದಿಸಿ, ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಬೇಕು. ಕಷ್ಟದ, ಬೇಕೇ ಬೇಕಾದ ಕೆಲಸ. ಆದರೆ ಮುಂದಿನ ಯಂತ್ರ ಹೇಗಿರಬೇಕು ಅನ್ನುವ ಮಾತು ಬಂದಾಗ ಸಂಜೆ ಕಾಲ್‌ನಲ್ಲಿ ಹೊರದೇಶದ ಕಚೇರಿಯವರು ತೀರ್ಮಾನ ಮಾಡಿ ತಿಳಿಸುತ್ತಾರೆ. ನನಗೆ ಇದು ಇವತ್ತಿಗೂ ಬೇಸರ ತರಿಸುತ್ತದೆ.

ಯಾಕೆಂದರೆ ಇಲ್ಲಿನವರಿಗೆ ಬಿಟ್ಟಾಗ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ಜಿಇಯ ಮ್ಯಾಕ್ 400 ಅನ್ನುವ ಇಸಿಜಿ ಯಂತ್ರ ಬೆಂಗಳೂರಿನಲ್ಲೇ ರೂಪುಗೊಂಡಿದ್ದು. ಬ್ಯಾಟರಿಯಲ್ಲಿ ಓಡುತ್ತದೆ, ಬ್ಯಾಗಿನಲ್ಲಿ ಹಾಕಿಕೊಂಡು ಹಳ್ಳಿಗೆ ಒಯ್ಯಬಹುದು. ಬೆಲೆ ಇಳಿಸಲು ಬಸ್ ಟಿಕೆಟ್ ಮುದ್ರಿಸುವಂಥ ಪ್ರಿಂಟರನ್ನೇ ಅದಕ್ಕೆ ಹೊಂದಿಸಿದರು. ಕರೆಂಟು ಹೋಗುವುದು, ಧೂಳು, ಹಣದ ಕೊರತೆ, ಇವನ್ನೆಲ್ಲ ಕಂಡವರಿಗೆ ಮಾತ್ರ ಹೊಳೆಯುವ ದಾರಿ ಅದು. ನಮ್ಮ ತಾಲ್ಲೂಕು ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಂತ್ರ ಮಾಡುವ ತಂಡ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ನೀವು ಹೋಗಿ ಅಂತಲೇ ಹೇಳುತ್ತೇನೆ.

ಸಂಬಳ ಅಂದ ಮೇಲೆ, ಇ-ಕಾಮರ್ಸ್, ಫಿನ್‌ಟೆಕ್ ಕಂಪನಿಗಳಲ್ಲಿರುವ ನಿಮ್ಮ ವಾರಿಗೆಯವರಷ್ಟು ಸಾಮಾನ್ಯವಾಗಿ ಸಿಗುವುದಿಲ್ಲ. ಸರ್ವೀಸ್ ಕಂಪನಿಗಿಂತ ಚೆನ್ನಾಗಿರುತ್ತದೆ. ಬಡ್ತಿ ನಿಧಾನ. ಹೆರಿಗೆ ರಜೆ, ವಿಮೆ ಇವೆಲ್ಲ ಸರಿಯಾಗಿ ಕೊಡುತ್ತಾರೆ. ರಾತ್ರಿ ಎಬ್ಬಿಸಿ ಸರ್ವರ್ ನೋಡು ಅನ್ನುವ ಕಾಟ ನಮ್ಮ ತಂಡಕ್ಕಿಲ್ಲ. ಆ ಕಷ್ಟ ಸರ್ವೀಸ್ ಇಂಜಿನಿಯರ್‌ಗಳದ್ದು. ಎಲ್ಲೋ ಸಿಟಿ ಸ್ಕ್ಯಾನ್ ನಿಂತರೆ ಅವರು ರಾತ್ರೋರಾತ್ರಿ ಬಸ್ ಹತ್ತುತ್ತಾರೆ. ಅವರಿಗೆ ಆಫೀಸಿನಲ್ಲಿ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ.

"ಆಸ್ಪತ್ರೆ ಯಾವತ್ತೂ ಇರುತ್ತೆ, ಹಾಗಾಗಿ ಕೆಲಸ ಭದ್ರ" ಅಂತ ಕೆಲವರು ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ) ಇರುವವರು ಬಳಸುವ ಯಂತ್ರಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಾಪಸ್ ಕರೆಯಬೇಕಾಯಿತು. ಸದ್ದು ಕಡಿಮೆ ಮಾಡಲು ಒಳಗಿಟ್ಟಿದ್ದ ಫೋಮ್ ಹಾಳಾಗಿ, ಅದರ ಕಣಗಳು ಉಸಿರಿನ ಜೊತೆ ಒಳಗೆ ಹೋಗುವ ಅಪಾಯವಿತ್ತು. ಅದರ ಪೆಟ್ಟು ಬಿದ್ದ ಮೇಲೆ, 2022ರ ಅಕ್ಟೋಬರ್‌ನಲ್ಲಿ 4,000, 2023ರ ಜನವರಿಯಲ್ಲಿ ಇನ್ನೂ 6,000 ಹುದ್ದೆ ಜಗತ್ತಿನಾದ್ಯಂತ ಕಡಿತ ಮಾಡುವುದಾಗಿ ಕಂಪನಿ ಹೇಳಿತು. ಒಂದು ತುಂಡು ಫೋಮ್! ಯಾವುದೋ ವಸ್ತುವನ್ನು ಆರಿಸುವಾಗ ಯಾರೋ ಕೇಳಬೇಕಿದ್ದ ಪ್ರಶ್ನೆಗೆ ಎಷ್ಟು ಬೆಲೆ ಇದೆ ನೋಡಿ. ಜೊತೆಗೆ ಈ ಕಂಪನಿಗಳು ಒಡೆಯುತ್ತವೆ, ಕೂಡುತ್ತವೆ, ಮಾರಾಟವಾಗುತ್ತವೆ. ಸೀಮೆನ್ಸ್‌ನ ಆರೋಗ್ಯ ವಿಭಾಗ 2018ರಲ್ಲಿ ಷೇರುಪೇಟೆಗೆ ಬಂತು, ಜಿಇ ಹೆಲ್ತ್‌ಕೇರ್ 2023ರಲ್ಲಿ ಬೇರೆ ಕಂಪನಿಯಾಯಿತು. ಹೊಸ ಐಡಿ ಕಾರ್ಡ್ ಬರುತ್ತದೆ, ಕೆಲಸ ಮಾತ್ರ ಹೆಚ್ಚುಕಡಿಮೆ ಅದೇ.

ನಿಮ್ಮ ವಿಷಯಕ್ಕೆ ಹೇಳುವುದಾದರೆ, ಟೆಸ್ಟರ್‌ಗಳಿಗೆ ಇದು ಒಳ್ಳೆಯ ಜಾಗ. ಬಹಳ ಕಡೆ ಟೆಸ್ಟಿಂಗ್ ಅಂದರೆ ಕೊನೆಯ ಗಳಿಗೆಯ ಕೆಲಸ. ಇಲ್ಲಿ ನಿಮ್ಮ ಸಹಿ ಇಲ್ಲದೆ ಯಂತ್ರ ಹೊರಗೆ ಹೋಗುವುದಿಲ್ಲ. ಬಿಡುಗಡೆ ದಿನಾಂಕ ಹತ್ತಿರ ಬಂದಾಗ ಒತ್ತಡ ಇರುತ್ತದೆ, ಆದರೂ "ಈ ಅಲಾರಂ ಕೆಂಪು ಬರಬೇಕಿತ್ತು, ಹಳದಿ ಬರುತ್ತಿದೆ, ನಾನು ಪಾಸ್ ಮಾಡಲ್ಲ" ಅಂತ ನೀವು ಹೇಳಿದರೆ ಮ್ಯಾನೇಜರ್ ಕೂಡ ಕೂತು ಕೇಳಲೇಬೇಕು. ಎರಡು ಮೂರು ವರ್ಷವಾದ ಮೇಲೆ ಕೋಡಿಂಗ್, ಆಟೊಮೇಷನ್ ಕಲಿಕೆ ಮಂಕಾಗದ ಹಾಗೆ ನೀವೇ ನೋಡಿಕೊಳ್ಳಬೇಕು. ಕಂಪನಿಯ ಹಳೆಯ ಟೂಲ್‌ಗಳನ್ನೇ ನಂಬಿ ಕೂತರೆ ಆಮೇಲೆ ಬೇರೆ ಕಡೆ ಹೋಗುವುದು ಕಷ್ಟ.

ಆಫರ್ ಒಪ್ಪುವ ಮೊದಲು ಮ್ಯಾನೇಜರ್ ಹತ್ತಿರ ಕೆಲವು ಮಾತು ನೇರವಾಗಿ ಕೇಳಿ. ಹೊಸ ಯಂತ್ರವಾ, ಹಳೆಯದನ್ನು ನಡೆಸಿಕೊಂಡು ಹೋಗುವ ಕೆಲಸವಾ? ಸಾಫ್ಟ್‌ವೇರ್ ಯಾವ ವರ್ಗದ್ದು? ಇಡೀ ಯಂತ್ರದ ವಿನ್ಯಾಸ ತೀರ್ಮಾನಿಸುವ ಸಿಸ್ಟಮ್ ಆರ್ಕಿಟೆಕ್ಟ್ ಬೆಂಗಳೂರಿನಲ್ಲಿ ಕೂರುತ್ತಾರಾ, ಹೊರದೇಶದಲ್ಲಾ? ತಂಡದ ಟೆಸ್ಟರ್‌ಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಾ? ಕೊನೆಯ ಪ್ರಶ್ನೆಗೆ "ಅದೆಲ್ಲ ಮಾರ್ಕೆಟಿಂಗ್‌ನವರು ನೋಡ್ಕೋತಾರೆ" ಅನ್ನುವ ಉತ್ತರ ಬಂದರೆ, ಅದೇ ಕಂಪನಿಯಲ್ಲಿ ಬೇರೆ ತಂಡ ಇದೆಯಾ ಅಂತ ವಿಚಾರಿಸಿ.