ಟ್ರೇಲರ್‌ನಲ್ಲಿ ಕಂಬಿ ಸಾಗಿಸುವ ಡ್ರೈವರ್ ಕೆಲಸ ಹೇಗಿರುತ್ತದೆ?

ನೀವು ಕೇಳಿದ್ದು ಇಷ್ಟು: ಐದು ವರ್ಷ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸಿದ್ದೀರಿ, ಈಗ ಕಬ್ಬಿಣ ಸಾಗಿಸುವ ಟ್ರೇಲರ್‌ಗೆ ಹೋಗುವ ಯೋಚನೆ ಇದೆ. ರಾಜ್ಯದೊಳಗಿನ ಓಡಾಟ ಅಲ್ವಾ, ಮನೆಗೆ ಬೇಗ ಬರಬಹುದಾ, ಕೆಲಸ ಕಷ್ಟವಾ ಅಂತ.

ನಾನು ಒಂಬತ್ತು ವರ್ಷದಿಂದ ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಪ್ಲಾಂಟಿನಿಂದ ಬೆಂಗಳೂರಿಗೆ ಕಂಬಿ ಹೊಡೆಯುತ್ತಿದ್ದೇನೆ. ಅದಕ್ಕೂ ಮೊದಲು ವಾಡಿ, ಸೇಡಂ ಕಡೆಯ ಸಿಮೆಂಟ್ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಓಡಿಸುವುದು ನಿಮಗೆ ಆರು ತಿಂಗಳಲ್ಲಿ ಬಂದುಬಿಡುತ್ತದೆ, ಅದರ ಚಿಂತೆ ಬೇಡ. ಲೋಡ್ ಕಟ್ಟುವುದು, ಆಮೇಲೆ ಕಾಯುವುದು. ಈ ಎರಡಕ್ಕೆ ನಿಮ್ಮ ಮೈ-ಮನಸ್ಸು ಒಗ್ಗುತ್ತದಾ ಅಂತ ನೋಡಿಕೊಳ್ಳಿ.

ಕಟ್ಟುವ ವಿಷಯ ಮೊದಲು ಹೇಳುತ್ತೇನೆ. ಮನೆಗೆ ಹಾಕುವ ಟಿಎಂಟಿ ಕಂಬಿ 12 ಮೀಟರ್ ಉದ್ದ ಬರುತ್ತದೆ, ಅಂದರೆ 39 ಅಡಿ ಚಿಲ್ಲರೆ. 40 ಅಡಿ ಟ್ರೇಲರ್ ಮೇಲೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಹತ್ತು ಚಕ್ರದ ಲಾರಿಗಾದರೆ ಕಂಬಿಯನ್ನು ನಡುವೆ ಮಡಚಿ ಹಾಕಬೇಕು. ಮೊದಲೆಲ್ಲ ಹಿಂದೆ ಒಂದು ಮೀಟರ್ ಹೊರಗೆ ಚಾಚಿದ್ದರೂ ನಡೆಯುತ್ತಿತ್ತು, ಕೆಂಪು ಬಟ್ಟೆ ಕಟ್ಟಿ ಹೊರಡುತ್ತಿದ್ದರು. 2014ರಲ್ಲಿ ಆ ನಿಯಮ ತೆಗೆದುಹಾಕಿದರು. ಈಗ ಲೋಡ್ ಹೊರಗೆ ಚಾಚಿದ್ದು ಸಿಕ್ಕಿಬಿದ್ದರೆ 20,000 ರೂಪಾಯಿ ದಂಡ. ಆದರೂ ರಾತ್ರಿ ಹೊತ್ತು ಟ್ರ್ಯಾಕ್ಟರ್‌ಗಳು ಕಂಬಿ ಚಾಚಿಕೊಂಡು ಲೈಟೇ ಇಲ್ಲದೆ ಹೋಗುವುದನ್ನು ಈಗಲೂ ನೋಡುತ್ತೇನೆ. ಅಂಥ ಗಾಡಿಯ ಹಿಂದೆ ಹತ್ತಿರ ಹೋಗಲೇಬೇಡಿ.

ಹಿಂದಕ್ಕೆ ಚಾಚಿದ ಕಂಬಿ ಬೇರೆಯವರ ಜೀವಕ್ಕೆ ಅಪಾಯ, ಮುಂದಕ್ಕೆ ಜಾರಿದ ಕಂಬಿ ನಮ್ಮ ಜೀವಕ್ಕೆ. ಜೋರಾಗಿ ಬ್ರೇಕ್ ಹೊಡೆದರೆ ಗಾಡಿ ನಿಲ್ಲುತ್ತದೆ, ಮೇಲಿರುವ ಮೂವತ್ತು ಟನ್ ನಿಲ್ಲುವುದಿಲ್ಲ. ನಿಮ್ಮ ಬೆನ್ನ ಹಿಂದೆ ಇರುವುದು ಕ್ಯಾಬಿನ್ನಿನ ತಗಡು ಅಷ್ಟೆ. ಅದಕ್ಕೇ ಕಟ್ಟುಗಳ ಕೆಳಗೆ ಮರದ ತುಂಡು ಹಾಕಿಸಿ. ಮುಂದಿನ ಗಾರ್ಡ್‌ಗೆ, ಅಂದರೆ ಕ್ಯಾಬಿನ್ ಮತ್ತು ಲೋಡ್ ನಡುವಿನ ತಡೆಗೆ, ತಾಗಿಸಿ ಇಡಿಸಿ, ಮಧ್ಯೆ ಸಂದು ಬಿಡಬೇಡಿ. ಚೈನ್ ಬಿಗಿಯುವಾಗ ನೀವೇ ನಿಂತು ನೋಡಿ, ಹಮಾಲರ ಮೇಲೆ ಬಿಡಬೇಡಿ. ಹೊರಟು ಇಪ್ಪತ್ತು-ಮೂವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ರಸ್ತೆಯ ಕುಲುಕಾಟಕ್ಕೆ ಕಂಬಿಗಳು ಒಂದರ ಸಂದಿಯಲ್ಲಿ ಒಂದು ಕೂತು ಚೈನ್ ಸಡಿಲ ಆಗಿರುತ್ತದೆ.

ಇದನ್ನು ನಾನು ಕಲಿತದ್ದು ಕೂಡ್ಲಿಗಿ ದಾಟಿದ ಮೇಲೆ, ಒಂದು ಬೆಳಗಿನ ಜಾವ. ಟ್ರೇಲರ್ ಹತ್ತಿ ಆಗ ನಾಲ್ಕೇ ತಿಂಗಳು. ಪ್ಲಾಂಟಿನಲ್ಲಿ ಲೋಡ್ ಆಗುವುದು ತಡವಾಗಿತ್ತು, ಆ ಅವಸರದಲ್ಲಿ ಹೊಸಪೇಟೆಯಲ್ಲಿ ಚೈನ್ ಮುಟ್ಟದೆ ಬಂದಿದ್ದೆ. ಎದುರಿಗೆ ಕುರಿಮಂದೆ. ಬ್ರೇಕ್ ಹೊಡೆದೆ. ಹಿಂದಿನಿಂದ ಬಂದ ಸದ್ದು ಈಗಲೂ ಕಿವಿಯಲ್ಲಿದೆ. ಮೇಲಿನ ಎರಡು ಕಟ್ಟು ಒಂದಡಿ ಜಾರಿ, ಗಾರ್ಡ್ ಬಗ್ಗಿಸಿ, ಕ್ಯಾಬಿನ್ನಿಗೆ ಅಂಗೈ ಅಗಲ ಬಾಕಿ ಇರುವಾಗ ನಿಂತಿದ್ದವು. ಕುರಿಯವರು ಬಂದು ನೋಡಿ, "ಬಿಗಿ ಮಾಡಿಲ್ಲೇನಪ್ಪ?" ಅಂದರು. ಏನು ಹೇಳುವುದು, ಸುಮ್ನೆ ನಿಂತಿದ್ದೆ.

ಇನ್ನು ಕಾಯುವುದು. ಗೇಟಿನ ಮುಂದೆ ಸಾಲು, ಖಾಲಿ ತೂಕ, ಕ್ರೇನಿನ ಕೆಳಗೆ ಸರದಿ, ಮತ್ತೆ ತೂಕ, ಬಿಲ್ಲು, ಇ-ವೇ ಬಿಲ್ಲು (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ). ಐದಾರು ಗಂಟೆಯಲ್ಲಿ ಹೊರಬಂದರೆ ಅವತ್ತು ಅದೃಷ್ಟ. ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ನಮ್ಮ ದಾರಿ ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ನೆಲಮಂಗಲ ಅಂತ ಸುಮಾರು 350 ಕಿಲೋಮೀಟರ್, ಹಾಗಾಗಿ ಎರಡು ದಿನ ಸಿಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ತಕ್ಷಣ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ. ಅವಧಿ ಮುಗಿಯುವ ಮೊದಲಿನ 8 ಗಂಟೆ, ಮುಗಿದ ಮೇಲಿನ 8 ಗಂಟೆ, ಇಷ್ಟರೊಳಗೆ ಅದನ್ನು ಮುಂದೂಡಿಸಬಹುದು.

ರಸ್ತೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿತ್ರದುರ್ಗದಿಂದ ಈಚೆ ಒಳ್ಳೆಯ ಹೆದ್ದಾರಿ. ಗುಯಿಲಾಳು ಟೋಲ್ ಹತ್ತಿರ ಚಹಾ, ಶಿರಾದ ಆಚೆ-ಈಚೆ ಊಟ. ಬೆಂಗಳೂರಿನೊಳಗೆ ಹಗಲು ದೊಡ್ಡ ಗಾಡಿ ಬಿಡುವುದಿಲ್ಲ ಅಂತ ನಿಮಗೇ ಗೊತ್ತು. ಹಾಗಾಗಿ ನೆಲಮಂಗಲದ ಹೊರಗೆ ಮತ್ತೆ ಕಾಯುವುದು. ಈ ಉತ್ತರ ಬರೆಯುತ್ತಿರುವುದೂ ಅಲ್ಲೇ ಕೂತು.

ಸೈಟಿಗೆ ಹೋದ ಮೇಲಿನ ಕಾಯುವಿಕೆ ಇದೆಯಲ್ಲ, ಅದು ಬೇರೆಯೇ ಕಥೆ. ಹೈಡ್ರಾ (ಮಾಲು ಇಳಿಸುವ ಕ್ರೇನ್) ಬಂದಿಲ್ಲ, ಮೇಸ್ತ್ರಿ ಇಲ್ಲ, ಇವತ್ತು ಭಾನುವಾರ. ಒಂದು ಸೈಟಿನಲ್ಲಿ ಮೂರು ದಿನ ಗಾಡಿ ಖಾಲಿ ಮಾಡಲಿಲ್ಲ. ಒಳಗೆ ಸಾವಿರ ಫ್ಲ್ಯಾಟ್ ಕಟ್ಟುತ್ತಿದ್ದರು, ಡ್ರೈವರ್ ಹೋಗಲು ಒಂದು ಶೌಚಾಲಯ ಇರಲಿಲ್ಲ. ಕೊನೆಗೆ ಇಳಿಸಿಕೊಂಡು, ಮಾಲು ಕಡಿಮೆ ಬಂದಿದೆ ಅಂತ ರಸೀದಿ ಮೇಲೆ ಬರೆದರು. ಆ ದುಡ್ಡು ನನ್ನ ಲೆಕ್ಕದಲ್ಲಿ ಕಡಿತ ಆಯಿತು.

ಇದು ಹೇಗೆ ಆಗುತ್ತದೆ ಅಂತ ತಿಳಿದುಕೊಳ್ಳಿ. ಪ್ಲಾಂಟಿನಲ್ಲಿ ತೂಕ ಹಾಕಿ ಕಳಿಸುತ್ತಾರೆ, ಸೈಟಿನಲ್ಲಿ ಕಂಬಿ ಎಣಿಸುತ್ತಾರೆ. 12 ಎಂಎಂ ಕಂಬಿ ಒಂದಕ್ಕೆ ಲೆಕ್ಕದ ಪ್ರಕಾರ 10.67 ಕೆಜಿ. ಆದರೆ ಅದರಲ್ಲಿ ಶೇ 5ರಷ್ಟು ಹೆಚ್ಚುಕಡಿಮೆ ಇರಲು ಅವಕಾಶ ಇದೆ, ಅಂದರೆ ಒಂದಕ್ಕೆ ಅರ್ಧ ಕೆಜಿ. ಕಂಬಿ ಸ್ವಲ್ಪ ದಪ್ಪ ಬಂದರೆ ಅಷ್ಟೇ ಟನ್ನಿಗೆ ಕಂಬಿಗಳ ಸಂಖ್ಯೆ ಕಡಿಮೆ. ಎಣಿಸಿದವರಿಗೆ ಕಳ್ಳತನದಂತೆ ಕಾಣುತ್ತದೆ. ಅಲ್ಲಿಂದ ಈಚೆಗೆ ನಾನು ಸೈಟ್ ಹತ್ತಿರದ ವೇಬ್ರಿಡ್ಜ್‌ನಲ್ಲಿ ತೂಕ ಮಾಡಿಸಿ, ಚೀಟಿ ತೋರಿಸಿಯೇ ಕಂಬಿ ಇಳಿಸಲು ಬಿಡುತ್ತೇನೆ.

ಮನೆಯ ಪ್ರಶ್ನೆಗೆ ಉತ್ತರ ಹೌದು. ನಾಗಪುರ, ಗುವಾಹಟಿ ಅಂತ ಲೈನ್‌ಗೆ ಹೋದವರು ತಿಂಗಳಿಗೊಮ್ಮೆ ಮುಖ ತೋರಿಸುತ್ತಾರೆ. ನನ್ನದು ಮೂರು ದಿನಕ್ಕೊಂದು ಟ್ರಿಪ್. ಮನೆ ಕೂಡ್ಲಿಗಿ ಹತ್ತಿರ, ದಾರಿಯಲ್ಲೇ ಇದೆ. ಎಷ್ಟೋ ಸಲ ಮಗ ಹೆದ್ದಾರಿ ಪಕ್ಕಕ್ಕೇ ರೊಟ್ಟಿ ಬುತ್ತಿ ತರುತ್ತಾನೆ. ಆದರೆ ದುಡಿಮೆ ಟ್ರಿಪ್ ಲೆಕ್ಕ, ಜೊತೆಗೆ ಬಾಟಾ, ಅಂದರೆ ದಾರಿಖರ್ಚಿನ ಭತ್ಯೆ. ತಿಂಗಳಿಗೆ ಹತ್ತು ಟ್ರಿಪ್ ಆದರೆ ಚೆನ್ನಾಗಿ ಕೈಗೆ ಬರುತ್ತದೆ. ಒಂದು ಸೈಟಿನವರು ಮೂರು ದಿನ ನಿಲ್ಲಿಸಿಕೊಂಡರೆ ಒಂದು ಟ್ರಿಪ್ ಹೋಯಿತು. ರಿಟರ್ನ್ ಲೋಡ್ ಸಿಗದೆ ಖಾಲಿ ವಾಪಸ್ ಬಂದರೆ ಮಾಲೀಕರ ಮುಖವೂ ಗಂಟು.

ಲೈಸೆನ್ಸ್ ವಿಷಯ ಸುಲಭ. ಕಾರಿನ ಲೈಸೆನ್ಸ್ ಒಂದು ವರ್ಷ ಹಳೆಯದಾಗಿರಬೇಕು, 20 ವರ್ಷ ತುಂಬಿರಬೇಕು, ನಿಮಗೆ ಎರಡೂ ಇದೆ. ಎಂಟನೇ ಕ್ಲಾಸ್ ಪಾಸ್ ಆಗಿರಬೇಕು ಅನ್ನುವ ನಿಯಮ 2019ರಲ್ಲಿ ಹೋಯಿತು. ಹೆವಿ ಟೆಸ್ಟ್ ಕೊಟ್ಟರೆ ಆಯಿತು. ಟ್ರೇಲರ್ ರಿವರ್ಸ್ ಮಾತ್ರ ನಿಮ್ಮ ಟ್ಯಾಕ್ಸಿ ಬುದ್ಧಿಗೆ ಉಲ್ಟಾ: ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಹೋಗುತ್ತದೆ. ಖಾಲಿ ಮೈದಾನದಲ್ಲಿ ಒಂದು ವಾರ ಬೆವರು ಸುರಿಸಿ.

ಓವರ್‌ಲೋಡ್‌ಗೆ ಒಪ್ಪಬೇಡಿ. ದಂಡ 20,000, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000, ಜಾಸ್ತಿ ಇರುವ ಮಾಲು ಇಳಿಸುವವರೆಗೆ ಗಾಡಿ ಬಿಡುವುದಿಲ್ಲ. "ನಾನು ನೋಡಿಕೊಳ್ಳುತ್ತೇನೆ ಹೋಗು" ಅನ್ನುವ ಮಾಲೀಕರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಸೇರುವ ಮೊದಲು ಪರಿಚಯದ ಡ್ರೈವರ್ ಜೊತೆ ಒಂದು ಟ್ರಿಪ್ ಸುಮ್ನೆ ಹೋಗಿ ಬನ್ನಿ. ಹೊಸ ಮಾಲೀಕರನ್ನು ಸಂಬಳ ಕೇಳುವ ಮೊದಲು ಇದನ್ನು ಕೇಳಿ: ಸೈಟಿನಲ್ಲಿ ಗಾಡಿ ನಿಂತರೆ ಅದಕ್ಕೆ ಸಿಗುವ ಹಾಲ್ಟಿಂಗ್ ದುಡ್ಡಿನಲ್ಲಿ (ಕಾಯಿಸಿದ್ದಕ್ಕೆ ಕೊಡುವ ದುಡ್ಡು) ಡ್ರೈವರ್‌ಗೆ ದಿನಕ್ಕೆ ಎಷ್ಟು? "ಆಮೇಲೆ ನೋಡೋಣ" ಅಂದರೆ ಬೇರೆ ಗಾಡಿ ಹುಡುಕಿ.