ಒಪೆರಾ ತೋರಿಸುವವರೇ, ಧ್ವನಿಯನ್ನು ಮೊದಲ ಕೋರಸ್ಸಿಗೆ ಹೊಂದಿಸಬೇಡಿ

ಕಾರವಾರದ ಗೆಳೆಯರು ಮುಂದಿನ ತಿಂಗಳು ಸಭಾಭವನದ ದೊಡ್ಡ ತೆರೆಯಲ್ಲಿ ಫ್ರಾನ್ಸಿನ ಸಂಯೋಜಕ ಸ್ಯಾಂ-ಸಾನ್ಸನ ‘ಸಾಮ್ಸನ್ ಮತ್ತು ದಲೀಲಾ’ ಒಪೆರಾ ತೋರಿಸುವುದಾಗಿ ಬರೆದಿದ್ದಾರೆ. ಮೊದಲ ಹತ್ತು ನಿಮಿಷ ಓಡಿಸಿ ಹಿಂದಿನ ಸಾಲಿಗೆ ಕೇಳುವಷ್ಟು ಧ್ವನಿ ಏರಿಸಿ ಅಲ್ಲಿಗೇ ಬಿಡುತ್ತಾರಂತೆ, ವಿರಾಮ ಕೊಡುವುದಿಲ್ಲವಂತೆ, ಅರ್ಥವನ್ನು ಒಬ್ಬರು ಮೈಕಿನಲ್ಲಿ ಹೇಳುತ್ತಾ ಹೋಗುತ್ತಾರಂತೆ. ಈ ಮೂರನ್ನೂ ನಾನು ಶಿರಸಿಯ ಕಡೆ ಒಂದು ತಗಡಿನ ಮಾಡಿನ ಸಭಾಭವನದಲ್ಲಿ, ಅದೂ ಆಷಾಢದ ಮಳೆಯಲ್ಲಿ, ಮಾಡಿ ಮುಗಿಸಿದವನಾದ್ದರಿಂದ ಸುಮ್ಮನಿರಲಾಗಲಿಲ್ಲ.

ಕೂದಲಲ್ಲೇ ಬಲವಿರುವ ಇಬ್ರಿಯರ ವೀರ ಸಾಮ್ಸನ್, ಶತ್ರುಗಳಾದ ಫಿಲಿಷ್ಟಿಯರ ಪರ ನಿಂತ ದಲೀಲಾಳಿಗೆ ಮರುಳಾಗಿ ಸಿಕ್ಕಿಬೀಳುವ ಬೈಬಲ್ ಕಥೆ ಇದು. ಈ ಕೃತಿಯನ್ನು ಸಂಯೋಜಕ ಮೊದಲು ವೇಷಭೂಷಣ, ಅಭಿನಯಗಳಿಲ್ಲದೆ ನಿಂತು ಹಾಡುವ ಒರಟೋರಿಯೋ ಆಗಿ ಬರೆಯಲು ಹೊರಟಿದ್ದ. ಆ ಛಾಯೆ ಮೊದಲ ಅಂಕದಲ್ಲಿ ಹಾಗೆಯೇ ಉಳಿದಿದೆ. ಇಬ್ರಿಯರ ಪ್ರಾರ್ಥನೆ ಪರದೆಯ ಹಿಂದಿನಿಂದ, ದೂರದಿಂದ ಬಂದಂತೆ ಮೆಲ್ಲಗೆ ಶುರುವಾಗುತ್ತದೆ. ಅದು ಮೆಲ್ಲಗೇ ಇರಬೇಕು. ನಾನು ಅದನ್ನು ದೋಷವೆಂದು ತಿಳಿದು ಮಿಕ್ಸರಿನ ಫೇಡರನ್ನು, ಅಂದರೆ ಧ್ವನಿ ಏರಿಳಿಸುವ ಜಾರುಗುಂಡಿಯನ್ನು, ಏರಿಸಿದೆ, ಮಳೆಯ ಸದ್ದು ಹೆಚ್ಚಿದಂತೆ ಇನ್ನೂ ಏರಿಸಿದೆ, ಸಾಲದ್ದಕ್ಕೆ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಓಡಿಸುವ ವಿಎಲ್‌ಸಿ ತಂತ್ರಾಂಶದ ಧ್ವನಿಪಟ್ಟಿಯನ್ನು ಶೇಕಡಾ 125ಕ್ಕೆ ಒಯ್ದೆ. ಮೂರನೆಯ ಅಂಕದ ಬಕನಾಲ್ ಕುಣಿತ ಒಂದೇ ಓಬೋ ವಾದ್ಯದಿಂದ ಆರಂಭವಾಗುವುದರಿಂದ ಅಲ್ಲಿಯೂ ಅಪಾಯದ ಸುಳಿವು ಸಿಗಲಿಲ್ಲ. ಆಮೇಲೆ ತಾಳವಾದ್ಯಗಳೆಲ್ಲ ಸೇರಿಕೊಂಡಾಗ ಬಾಡಿಗೆಯ ಸ್ಪೀಕರ್ ಪೆಟ್ಟಿಗೆಗಳು ಒಡಕು ದನಿಯಲ್ಲಿ ಕಿರುಚಿಕೊಂಡವು, ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ ಮಗು ಬೆಚ್ಚಿ ಅಳತೊಡಗಿತು, ಕೊನೆಯಲ್ಲಿ ಸಾಮ್ಸನ್ ಕೆಡವುವ ಫಿಲಿಷ್ಟಿಯರ ದೇವರು ದಾಗೋನನ ಗುಡಿ ಉರುಳುವ ಹೊತ್ತಿಗೆ ಎಡಗಡೆಯ ಪೆಟ್ಟಿಗೆಯಲ್ಲಿ ತಾರಸ್ವರ ಹೊರಡಿಸುವ ಟ್ವೀಟರ್ ಸುಟ್ಟುಹೋಗಿತ್ತು. ಗುಡಿಯೊಂದಿಗೆ ಪೆಟ್ಟಿಗೆಯನ್ನೂ ಕೆಡವಿದಿರಿ ಎಂದು ಸೌಂಡಿನವನು ಈಗಲೂ ಆಡಿಕೊಳ್ಳುತ್ತಾನೆ.

ಆದ್ದರಿಂದ ಹಿಂದಿನ ದಿನವೇ ಬಕನಾಲಿನ ಕೊನೆಯ ಎರಡು ನಿಮಿಷ ಮತ್ತು ಗುಡಿ ಬೀಳುವ ಕಡೆಯ ಕ್ಷಣಗಳನ್ನು ಮೊದಲು ಓಡಿಸಿ. ವಿಎಲ್‌ಸಿ ನೂರನ್ನು ದಾಟದಿರಲಿ. ಅಲ್ಲಿ ಪೆಟ್ಟಿಗೆ ಒಡೆಯದೆ, ಕಿವಿಗೆ ತುಂಬಿ ಬರುವ ಜಾಗಕ್ಕೆ ಫೇಡರ್ ನಿಲ್ಲಿಸಿ, ಪಕ್ಕದಲ್ಲಿ ಬಿಳಿ ಟೇಪು ಹಚ್ಚಿ, ಪ್ರದರ್ಶನದ ದಿನ ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಖಾಲಿ ಭವನದಲ್ಲಿ ಹೊಂದಿಸಿದ್ದು ಜನ ತುಂಬಿದ ಮೇಲೆ ತುಸು ಇಳಿದಂತೆ ಕೇಳುತ್ತದೆ. ಅದಕ್ಕಾಗಿ ಒಂದು ಕೂದಲೆಳೆಯಷ್ಟು ಮೇಲೆ ಇಟ್ಟರೆ ತಪ್ಪಿಲ್ಲ. ಮೊದಲ ಕೋರಸ್ ಕೇಳಿಸುವುದಿಲ್ಲವೆಂದು ಯಾರಾದರೂ ಕೈಯೆತ್ತಿದರೆ ಫ್ಯಾನು ಆರಿಸಿ, ಜನರೇಟರನ್ನು ಕಟ್ಟಡದ ಹಿಂದಕ್ಕೆ ಸರಿಸಿ, ಬಾಗಿಲಲ್ಲಿ ನಿಂತು ಮಾತಾಡುವ ಸಂಘಟಕರನ್ನು ಒಳಗೆ ಕೂರಿಸಿ. ನಮ್ಮಲ್ಲಿ ಹೆಚ್ಚು ಗದ್ದಲ ಮಾಡುವವರು ಅವರೇ.

ನಮ್ಮ ಕಡೆಯ ಸೌಂಡಿನವರು ಯಕ್ಷಗಾನಕ್ಕೆ ಪಳಗಿದವರು. ಭಾಗವತರ ಮೈಕಿಗೆ ಹಾಕಿದ ಎಕೋ ಮಿಕ್ಸರಿನಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಪೂರ್ತಿ ತೆಗೆಸಿ, ತೆಗೆದಿದ್ದೇನೆ ಎಂಬ ಮಾತನ್ನು ನಂಬದೆ ನೀವೇ ನೋಡಿ. ಎರಡೇ ಪೆಟ್ಟಿಗೆ ಇದ್ದರೆ ಡಿಸ್ಕಿನ ಮೆನುವಿನಲ್ಲಿ ಆರು ಪೆಟ್ಟಿಗೆಗಳಿಗೆಂದು ಇರುವ 5.1 ಧ್ವನಿಯನ್ನು ಬಿಟ್ಟು ಸ್ಟೀರಿಯೋ ಆರಿಸಿಕೊಳ್ಳಿ, ಇಲ್ಲವಾದರೆ ವಾದ್ಯಗಳು ಮುಂದೆ ಬಂದು ಗಾಯಕರ ಧ್ವನಿ ಹಿಂದೆ ಸರಿಯುವುದುಂಟು. ಬ್ಲೂಟೂತ್ ಪೆಟ್ಟಿಗೆ ಯಾವ ಕಂಪನಿಯದಾದರೂ ಬೇಡ, ಬಾಯಿ ಮುಚ್ಚಿದ ಮೇಲೆ ಸ್ವರ ಬರುತ್ತದೆ. ಮಿಕ್ಸರ್ ಚಿಕ್ಕದಾದರೂ ಯಮಾಹಾದ್ದೇ ಇರಲಿ ಎಂಬುದು ನನ್ನ ಹಟ. ಬೇರೆಯದರಲ್ಲಿ ಕೆಲಸ ನಡೆಯುವುದಿಲ್ಲವೆಂದು ನಾನು ಹೇಳುತ್ತಿಲ್ಲ.

ಮೈಕಿನಲ್ಲಿ ಅರ್ಥ ಹೇಳಿಸುವ ಯೋಚನೆಯನ್ನಂತೂ ಇವತ್ತೇ ಕೈಬಿಡಿ. ಎರಡನೆಯ ಅಂಕದಲ್ಲಿ ದಲೀಲಾ ಹಾಡುವ ‘ನಿನ್ನ ದನಿಗೆ ನನ್ನ ಹೃದಯ ಅರಳುತ್ತದೆ’ ಎಂಬ ಹಾಡಿನ ಮೇಲೆ ನಮ್ಮ ಮೇಷ್ಟರು ಗದ್ಯಾನುವಾದ ಓದಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕನ್ನಡದ ಸಾಲುಗಳನ್ನು ಎಸ್‌ಆರ್‌ಟಿ ಕಡತವಾಗಿ, ಅಂದರೆ ಯಾವ ಸಾಲು ಯಾವ ಕ್ಷಣಕ್ಕೆಂದು ಸಮಯ ಸಮೇತ ಬರೆದ ಕಡತವಾಗಿ, ಮಾಡಿ ತೆರೆಯ ಕೆಳಗೆ ಬರಿಸಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಬೆರಳಚ್ಚಿಸಿದರೆ ತೆರೆಯ ಮೇಲೆ ಬರೀ ಕಸ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದು, ಯುಟಿಎಫ್-8 ಎಂದು ಉಳಿಸಿ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂದು ಅದೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ. ಸಾಲು ಹಿಂದೆ ಮುಂದೆ ಆದರೆ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಲಿಗಳಿಂದ ಸರಿಪಡಿಸಬಹುದು. ಒಪೆರಾದಲ್ಲಿ ಒಂದೇ ಮಾತು ನಮ್ಮ ಪದ್ಯದಂತೆಯೇ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸಾಲು ತೋರಿಸಬೇಕಾಗಿಲ್ಲ, ಒಮ್ಮೆ ತೋರಿಸಿ ತೆರೆಯನ್ನು ಖಾಲಿ ಬಿಡಿ.

ಆರಂಭದಲ್ಲಿ ಐದು ನಿಮಿಷ ಕಥೆ ಹೇಳುವುದು ಬೇರೆ ವಿಷಯ, ಅದು ಬೇಕು. ಕಾರವಾರದಲ್ಲಿ ಬೈಬಲ್ ಓದಿದವರು ಬಂದೇ ಬರುತ್ತಾರೆ. ಬೈಬಲಿನ ‘ನ್ಯಾಯಸ್ಥಾಪಕರು’ ಪುಸ್ತಕದ 16ನೆಯ ಅಧ್ಯಾಯದಲ್ಲಿ ಫಿಲಿಷ್ಟಿಯ ನಾಯಕರು ತಲಾ 1100 ಬೆಳ್ಳಿ ನಾಣ್ಯ ಕೊಡುವುದಾಗಿ ಹೇಳಿ ದಲೀಲಾಳನ್ನು ಒಲಿಸಿದರಲ್ಲ, ಇಲ್ಲಿ ಅವಳು ಹಣವೇ ಬೇಡ ಎನ್ನುವಳೇಕೆ ಎಂದು ನನ್ನನ್ನು ಒಬ್ಬರು ನಿಲ್ಲಿಸಿ ಕೇಳಿದರು. ಒಪೆರಾದ ದಲೀಲಾ ಸೇಡಿಗಾಗಿಯೇ ಹೊರಟವಳು ಎಂದು ಮೊದಲೇ ಹೇಳಿಬಿಡಿ. ಕೂದಲು ಕತ್ತರಿಸುವುದನ್ನು ರಂಗದ ಮೇಲೆ ತೋರಿಸುವುದಿಲ್ಲ ಎಂಬುದನ್ನೂ ಹೇಳಿ. ಸಾಮ್ಸನ್ ಗುಡುಗಿನ ನಡುವೆ ಅವಳ ಮನೆಯೊಳಗೆ ಹೋಗುತ್ತಾನೆ, ಸೈನಿಕರು ಮುತ್ತುತ್ತಾರೆ, ಅಂಕ ಮುಗಿಯುತ್ತದೆ; ಮುಂದಿನ ಅಂಕ ತೆರೆದಾಗ ಅವನು ಕಣ್ಣು ಕಳೆದುಕೊಂಡು ಗಾಜಾದ ಸೆರೆಮನೆಯಲ್ಲಿ ಬೀಸುವ ಕಲ್ಲು ತಿರುಗಿಸುತ್ತಿರುತ್ತಾನೆ. ನಮ್ಮಲ್ಲಿ ಆ ಗುಡುಗಿಗೆ ಹೊರಗಿನ ಗುಡುಗೂ ಸೇರಿ, ಕರೆಂಟು ಹೋಗುತ್ತದೆಂದು ಅರ್ಧ ಜನ ಎದ್ದು ನಿಂತಿದ್ದರು.

ಹೀಗಿರುವುದರಿಂದಲೇ ಎರಡನೆಯ ಅಂಕದ ನಂತರ ಹದಿನೈದು ನಿಮಿಷ ವಿರಾಮ ಕೊಡಲೇಬೇಕು. ಸಂಗೀತವೇ ಸುಮಾರು ಎರಡು ತಾಸಿನದು, ಅದನ್ನು ಒಂದೇ ಉಸಿರಿಗೆ ನೋಡಿಸುವುದು ಶಿಕ್ಷೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2006ರ ಕೊನೆಯಿಂದ ಚಿತ್ರಮಂದಿರಗಳಿಗೆ ಮಾಡುತ್ತಿರುವ ನೇರ ಪ್ರಸಾರದಲ್ಲಿಯೂ ವಿರಾಮ ಇರುತ್ತದೆ. ಆಗ ಚಹಾ ಕೊಡಿ. ಚಕ್ಕುಲಿ ಬೇಡ, ಅದರ ಸದ್ದು ಮೂರನೆಯ ಅಂಕದವರೆಗೂ ಮುಂದುವರಿಯುತ್ತದೆ.

ಮನೆಬಳಕೆಯ ಡಿಸ್ಕನ್ನು ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಅನುಮತಿ ಬೇಕು, ಪ್ರವೇಶ ಉಚಿತವೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ. ಕರಪತ್ರ ಅಚ್ಚು ಹಾಕಿಸುವ ಮೊದಲೇ ಪತ್ರ ಬರೆಯಿರಿ. ನಾನು ಮಾಡಿದ ಕನ್ನಡ ಸಾಲುಗಳ ಕಡತ ಬೇಕಾದರೆ ಕಳಿಸುತ್ತೇನೆ, ಆದರೆ ನಿಮ್ಮ ಡಿಸ್ಕಿನಲ್ಲಿರುವ ಪ್ರದರ್ಶನ ಬೇರೆಯದಾದರೆ ಸಮಯಗಳನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ, ಎರಡನೆಯ ಅಂಕದ ಯುಗಳ ಗೀತೆಯ ಅನುವಾದವೂ ಇನ್ನೂ ನನಗೆ ಒಪ್ಪಿಗೆಯಾಗಿಲ್ಲ.